ಚಿತ್ರವನ್ನು ಹಂಚುವ ವಿದ್ಯೆ

ಕ್ರಿಕೆಟ್ ಪಂದ್ಯವಿರುವ ದಿನ, ದೀಪ ಹಚ್ಚುವ ಹೊತ್ತಿಗೆ, ಕಲಬುರಗಿ ನಗರದ ದೊಡ್ಡದೊಂದು ಖಾನಾವಳಿಯನ್ನೋ ಮದ್ಯದಂಗಡಿಯನ್ನೋ ಹೊಕ್ಕವರಿಗೆ, ಗೋಡೆಗೊಂದೊಂದರಂತೆ ನಾಲ್ಕಾರು ದೂರದರ್ಶನ ಯಂತ್ರಗಳು ತೂಗುತ್ತಿರುವುದು ಕಣ್ಣಿಗೆ ಬೀಳುವುದು. ಒಂದರಲ್ಲಿ ಪಂದ್ಯ, ಮತ್ತೊಂದರಲ್ಲಿ ವಾರ್ತೆ, ಮೂಲೆಯ ಇನ್ನೊಂದರಲ್ಲಿ ಹಳೆಯ ಚಲಚ್ಚಿತ್ರ. ಕುಳಿತವರು ತಮತಮಗೆ ಬೇಕಾದ ಕಡೆಗೆ ಕತ್ತು ಹೊರಳಿಸಿ ನೋಡುತ್ತಾರೆ. ಇಷ್ಟು ಪರದೆಗಳಿಗೆ ಚಿತ್ರವು ಎಲ್ಲಿಂದ ಬರುತ್ತದೆ, ಯಾವ ದಾರಿಯಿಂದ ಬರುತ್ತದೆ, ಯಾವ ಪರದೆಗೆ ಯಾವ ಚಿತ್ರವೆಂದು ಗೊತ್ತುಮಾಡುವವರು ಯಾರು ಎಂಬುದನ್ನು ಯೋಚಿಸಿದವರು ಅಪರೂಪ. ಮದ್ಯದಂಗಡಿಯ ಮಾತು ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲೇಕೆಂದು ಕೆಲವು ವಾಚಕರು ಹುಬ್ಬು ಗಂಟಿಕ್ಕಬಹುದು. ಅಲ್ಲಿಯ ಮೇಜಿನ ಮೇಲಣ ವಸ್ತುವಿನ ಗೊಡವೆ ನಮಗೆ ಬೇಡ. ಗೋಡೆಯ ಮೇಲಣ ವಸ್ತುವಿನ ವಿಚಾರವಷ್ಟೇ ಸಾಕು. ಮೇಲಾಗಿ, ಒಂದು ಚಿತ್ರವನ್ನು ಹಲವು ಪೆಟ್ಟಿಗೆಗಳಿಗೆ ಹಂಚುವ ಈ ವಿದ್ಯೆಯ ಚರಿತ್ರೆಯಲ್ಲಿ ಕಲಬುರಗಿ ಸೀಮೆಗೆ ಹಿರಿದಾದ ಒಂದು ಸ್ಥಾನವುಂಟು. ಅದನ್ನು ಈಗಿನ ತರುಣರು ಬಹುಮಟ್ಟಿಗೆ ಅರಿಯರು.

ಹಂಚುವುದರಲ್ಲಿ ಎರಡು ಬಗೆ. ಅಂಗಳದಲ್ಲಿ ಬೆಳದಿಂಗಳು ಚೆಲ್ಲಿರಲು, ಅಲ್ಲಿ ಒಬ್ಬರು ಕುಳಿತರೂ ಅಷ್ಟೇ, ಹತ್ತು ಮಂದಿ ಕುಳಿತರೂ ಅಷ್ಟೇ. ಹತ್ತನೆಯವನ ಪಾಲಿಗೆ ಬೆಳದಿಂಗಳು ಕಡಿಮೆಯಾಗದು. ಬಾವಿಯ ನೀರಿನ ಮಾತು ಹಾಗಲ್ಲ. ಕಪಿಲೆಯಿಂದ ಎತ್ತಿದ ನೀರನ್ನು ಎರಡು ಕಾಲುವೆಗೆ ತಿರುಗಿಸಿದರೆ ಪ್ರತಿಯೊಂದಕ್ಕೂ ಅರ್ಧ. ನಾಲ್ಕಕ್ಕೆ ತಿರುಗಿಸಿದರೆ ಕಾಲು. ನೆಲ ಹೀರಿಕೊಂಡದ್ದು ಬೇರೆ. ಆಕಾಶಮಾರ್ಗದಿಂದ ಬರುವ ಚಿತ್ರವು ಬೆಳದಿಂಗಳ ಜಾತಿಯದು. ತಂತಿಯಲ್ಲಿ ಹರಿಯುವ ಚಿತ್ರವು ನೀರಿನ ಜಾತಿಯದು. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದೆ ಹೇಳುವುದೆಲ್ಲ ಸುಲಭವಾಗಿ ತಿಳಿಯುವುದು.

ಮೊದಲು ಬೆಳದಿಂಗಳ ಕಥೆಯನ್ನು ಹೇಳೋಣ. ೧೯೬೯ನೆಯ ಇಸವಿಯ ಸೆಪ್ಟೆಂಬರ್ ೧೮ರಂದು ಭಾರತದ ಅಣುಶಕ್ತಿ ಇಲಾಖೆಗೂ ಅಮೆರಿಕದ ನಾಸಾ ಸಂಸ್ಥೆಗೂ ಒಂದು ಒಡಂಬಡಿಕೆಯಾಯಿತು. ಅಮೆರಿಕದವರ ಉಪಗ್ರಹವೊಂದನ್ನು ಒಂದು ವರ್ಷದ ಮಟ್ಟಿಗೆ ಎರವು ಪಡೆದು, ನಮ್ಮ ಹಳ್ಳಿಗಳಿಗೆ ನೇರವಾಗಿ ದೂರದರ್ಶನದ ಚಿತ್ರವನ್ನು ಇಳಿಸಬೇಕೆಂಬುದು ಅದರ ಹುರುಳು. ಇದಕ್ಕೆ ಮೂಲಪುರುಷರು ವಿಕ್ರಮ ಸಾರಾಭಾಯಿಯವರು. ಅವರು ೧೯೭೧ರ ಡಿಸೆಂಬರಿನಲ್ಲಿ ತೀರಿಕೊಂಡರು. ತಾವು ನೆಟ್ಟ ಗಿಡದ ಫಲವನ್ನು ಕಾಣಲಿಲ್ಲ. ಎ.ಟಿ.ಎಸ್.-೬ ಎಂಬ ಆ ಉಪಗ್ರಹವು ೧೯೭೪ರ ಮೇ ೩೦ರಂದು ಮೇಲೇರಿತು. ಒಂದು ವರ್ಷ ಅಮೆರಿಕದ ಊಳಿಗವನ್ನು ಮುಗಿಸಿ, ಆಮೇಲೆ ಪೂರ್ವ ಆಫ್ರಿಕದ ಮೇಲ್ಗಡೆ, ೩೫ ಡಿಗ್ರಿ ಪೂರ್ವ ರೇಖಾಂಶದಲ್ಲಿ ಬಂದು ನೆಲಸಿತು. ಭೂಮಿಯಿಂದ ಸುಮಾರು ೩೬,೦೦೦ ಕಿಲೋಮೀಟರು ಎತ್ತರದಲ್ಲಿ, ೯ ಮೀಟರಿಗೂ ಮಿಕ್ಕ ಅಗಲದ ಒಂದು ಕೊಡೆಯನ್ನು ಬಿಚ್ಚಿಕೊಂಡು, ಅದು ಭಾರತದ ಕಡೆಗೆ ಮುಖಮಾಡಿ ನಿಂತಿತು.

೧೯೭೫ರ ಆಗಸ್ಟ್ ೧ರಂದು ಮೊದಲ್ಗೊಂಡ ಆ ಪ್ರಯೋಗವನ್ನು ಇಂಗ್ಲಿಷಿನ ಮೊದಲಕ್ಷರಗಳನ್ನು ಕೂಡಿಸಿ ‘ಸೈಟ್’ ಎಂದು ಕರೆದರು. ಆರು ರಾಜ್ಯಗಳ ೨,೪೦೦ ಗ್ರಾಮಗಳನ್ನು ಇದಕ್ಕಾಗಿ ಆಯ್ದಿದ್ದರು. ಕರ್ನಾಟಕದ ಪಾಲಿಗೆ ಬಂದವು ಅಂದಿನ ಗುಲಬರ್ಗಾ, ವಿಜಾಪುರ, ರಾಯಚೂರು ಜಿಲ್ಲೆಗಳು. ಬೆಂಗಳೂರಿನ ಶ್ರೀಮಂತರ ಮನೆಯಲ್ಲಿಯೂ ದೂರದರ್ಶನವಿಲ್ಲದ ಕಾಲದಲ್ಲಿ, ಜೋಳ ತೊಗರಿಗಳ ಈ ಒಣಸೀಮೆಯ ಹಳ್ಳಿಯ ಶಾಲೆಯ ಮುಂದೆ ಅದು ಬಂದು ಕುಳಿತಿತು! ಯಾವ ಊರಿಗೆ ಯಾವುದೂ ಕೊನೆಯಲ್ಲಿ ಮುಟ್ಟುವುದೆಂದು ಗಾದೆಯಂತೆ ಆಡಿಕೊಳ್ಳುತ್ತಿದ್ದರೋ ಆ ಊರಿಗೆ ಇದು ಮೊದಲು ಮುಟ್ಟಿತು.

ಏರ್ಪಾಡು ಎಷ್ಟು ಸರಳವಾದುದೆಂಬುದನ್ನು ನೋಡಿರಿ. ಅಹಮದಾಬಾದಿನ ಭೂಕೇಂದ್ರದಿಂದ ಚಿತ್ರವು ಮೇಲಕ್ಕೆ ಹೋಗುವುದು. ಉಪಗ್ರಹವು ಅದನ್ನು ೮೬೦ ಮೆಗಾಹರ್ಟ್ಸ್ ಆವರ್ತನದಲ್ಲಿ ಕೆಳಕ್ಕೆ ಚೆಲ್ಲುವುದು. ಹಳ್ಳಿಯಲ್ಲಿ ಹತ್ತಡಿ ಅಗಲದ ಒಂದು ಬುಟ್ಟಿಯಾಕಾರದ ಆಂಟೆನಾ. ಅದು ಬೆಲೆಬಾಳುವ ಲೋಹದ ತಗಡಿನದಲ್ಲ. ಕೋಳಿಗೂಡಿಗೆ ಬಿಗಿಯುವ ತಂತಿಬಲೆಯನ್ನೇ ಚೌಕಟ್ಟಿಗೆ ಹೊದಿಸಿದ್ದು. ಬಲೆಯ ಕಣ್ಣುಗಳು ಅಲೆಯ ಉದ್ದಕ್ಕಿಂತ ಬಹಳ ಸಣ್ಣವಾದ್ದರಿಂದ ಅಲೆಗೆ ಅದು ತುಂಬಿದ ತಗಡಿನಂತೆಯೇ ತೋರುವುದು. ಗಾಳಿಗೆ ಮಾತ್ರ ತೆರೆದ ಕಿಟಕಿಯಂತೆ. ಬಿರುಗಾಳಿ ಬಂದರೂ ಅದು ಹಾರಿಹೋಗುವ ಭಯ ಕಡಿಮೆ. ಕಪ್ಪು ಬಿಳುಪಿನ ಪೆಟ್ಟಿಗೆಗಳನ್ನು ಮಾಡಿಕೊಟ್ಟವರು ಹೈದರಾಬಾದಿನ ಇ.ಸಿ.ಐ.ಎಲ್. ಕಾರ್ಖಾನೆಯವರು. ಶಾಲೆ, ಚಾವಡಿ ಮೊದಲಾದ ಸಾರ್ವಜನಿಕ ಜಾಗಗಳಲ್ಲಿ ಪೆಟ್ಟಿಗೆಯನ್ನಿಟ್ಟರು. ಮೊದಮೊದಲು ಒಂದೊಂದು ಪೆಟ್ಟಿಗೆಯ ಮುಂದೆ ನೂರಾರು ಮಂದಿ ನೆರೆಯುತ್ತಿದ್ದರು. ಹೊಸತನ ಕಳೆದ ಮೇಲೆ ಗುಂಪು ನೂರರ ಆಸುಪಾಸಿಗೆ ಇಳಿಯಿತು. ನೂರು ಮಂದಿಗೆ ಒಂದು ಪರದೆ! ಇಂದು ಖಾನಾವಳಿಯಲ್ಲಿ ನಾಲ್ವರು ಕೂಡುವ ಒಂದು ಮೇಜಿಗೆ ಎರಡು ಪರದೆ ಕಾಣುವಂತೆ ಕಟ್ಟುತ್ತಾರೆ.

ಪೆಟ್ಟಿಗೆಗಳೇನೋ ಸಾವಿರಗಟ್ಟಲೆ; ಆದರೆ ಮೂಲವು ಒಂದೇ. ಇಲ್ಲಿಯೇ ತೊಡಕು ಹುಟ್ಟಿದುದು. ಒರಿಸ್ಸದ ಗ್ರಾಮಕ್ಕೂ ರಾಜಸ್ಥಾನದ ಗ್ರಾಮಕ್ಕೂ ಗುಲಬರ್ಗಾದ ಗ್ರಾಮಕ್ಕೂ ಅದೇ ಒಂದು ಚಿತ್ರಪ್ರವಾಹ. ಹಿಂದಿ, ಒರಿಯಾ, ತೆಲುಗು, ಕನ್ನಡ ಎಂಬ ನಾಲ್ಕು ಭಾಷೆಗಳಿಗೆ ಅದನ್ನು ಹಂಚುವುದು ಹೇಗೆ? ಒಂದು ಉಪಾಯವು ಹೊತ್ತನ್ನು ಹಂಚುವುದು. ಬೆಳಗಿನ ಒಂದೂವರೆ ಗಂಟೆ ಶಾಲೆಯ ಮಕ್ಕಳಿಗೆ, ಸಾಯಂಕಾಲದ ಎರಡೂವರೆ ಗಂಟೆ ದೊಡ್ಡವರಿಗೆ. ಅದರೊಳಗೆ ಭಾಷೆಗೊಂದು ಸರದಿ. ಕೂಡುಕುಟುಂಬದಲ್ಲಿ ಬೀಸುವ ಕಲ್ಲಿಗೆ ಸರದಿ ಕಟ್ಟುವಂತೆ. ಇನ್ನೊಂದು ಉಪಾಯವು ಹೆಚ್ಚು ಜಾಣತನದ್ದು. ಒಂದೇ ಚಿತ್ರದ ಜೊತೆಯಲ್ಲಿ ಎರಡು ಧ್ವನಿಗಳನ್ನು ಬೇರೆಬೇರೆಯಾಗಿ ಕಳುಹಿಸುವ ಅನುಕೂಲವನ್ನು ಆ ವ್ಯವಸ್ಥೆಯಲ್ಲಿಯೇ ಮಾಡಿದ್ದರು. ಬದನೆಗೆ ಹುಳು ಹತ್ತಿದ ಚಿತ್ರವು ಆಂಧ್ರದವರಿಗೂ ಕರ್ನಾಟಕದವರಿಗೂ ಒಂದೇ ಆಗಿರಬಹುದು; ವಿವರಣೆಯು ಅಲ್ಲಿಯ ಪೆಟ್ಟಿಗೆಯಲ್ಲಿ ತೆಲುಗಿನಲ್ಲಿಯೂ ಇಲ್ಲಿಯ ಪೆಟ್ಟಿಗೆಯಲ್ಲಿ ಕನ್ನಡದಲ್ಲಿಯೂ ಹೊರಡಬಹುದು. ಹೊಲ, ಯಂತ್ರ, ಪ್ರಾಣಿಗಳನ್ನು ತೋರಿಸುವಾಗ ಇದು ಒಪ್ಪುವುದು. ಮನುಷ್ಯನ ಮುಖವನ್ನು ತೋರಿಸಿ ಮಾತನಾಡಿಸಹೊರಟರೆ ತುಟಿಯು ಒಂದು ಭಾಷೆಯಲ್ಲಿಯೇ ಅಲುಗುವುದಷ್ಟೆ. ಎರಡನೆಯ ಭಾಷೆಯವನಿಗೆ ಅದು ಪರರ ಬಾಯಿಂದ ಕೇಳಿದ ಮಾತಾಗುವುದು.

ಈ ಪ್ರಯೋಗದ ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ಹೈದರಾಬಾದಿನಲ್ಲಿ. ೧೯೫೬ರವರೆಗೂ ಹೈದರಾಬಾದ್ ಸಂಸ್ಥಾನದ ಮಗ್ಗುಲಲ್ಲಿ ಬಾಳಿ, ಕನ್ನಡ ಶಾಲೆಗಾಗಿಯೂ ಕನ್ನಡ ಪತ್ರಿಕೆಗಾಗಿಯೂ ಹೆಣಗಿದ ಈ ಪ್ರಾಂತದವರಿಗೆ, ಆಕಾಶದಿಂದ ಇಳಿಯುವ ಕನ್ನಡವೂ ಹೈದರಾಬಾದಿನ ಮಾರ್ಗವಾಗಿಯೇ ಬಂದಿತೆಂಬುದು ಚರಿತ್ರೆಯ ಒಂದು ವಿನೋದವೆನ್ನಬೇಕು. ಹಂಚುವ ವಿದ್ಯೆಯಲ್ಲಿ ಚಿತ್ರ ಮುಟ್ಟಿತೋ ಇಲ್ಲವೋ ಎಂಬುದು ಅರ್ಧ ಪ್ರಶ್ನೆ. ಯಾರ ಮಾತಿನಲ್ಲಿ ಮುಟ್ಟಿತು ಎಂಬುದು ಉಳಿದರ್ಧ.

೧೯೭೬ರ ಜುಲೈ ೩೧ಕ್ಕೆ ಗಡುವು ತೀರಿತು. ಎರವಿನ ವಸ್ತು ಒಡೆಯನ ಕಡೆಗೆ ಹೊರಳಿತು. ಪೆಟ್ಟಿಗೆ ಇದ್ದಲ್ಲಿಯೇ ಇತ್ತು, ಬಲೆಯ ಬುಟ್ಟಿ ಇದ್ದಲ್ಲಿಯೇ ಇತ್ತು, ಚಿತ್ರವಿಲ್ಲ. ಮೂಲವು ತನ್ನದಲ್ಲದಿದ್ದರೆ ಪೆಟ್ಟಿಗೆ ಎಷ್ಟಿದ್ದರೇನು? ಈ ಬರಿದನ್ನು ಒಂದಿಷ್ಟಾದರೂ ತುಂಬಬೇಕೆಂದು ಸರಕಾರವು ಪ್ರಯೋಗ ನಡೆದ ಸೀಮೆಗಳಲ್ಲಿ ನೆಲದ ಮೇಲೆಯೇ ಪ್ರಸಾರಕೇಂದ್ರಗಳನ್ನು ಕಟ್ಟಿಸಿತು. ಜೈಪುರ, ರಾಯಪುರ ಮೊದಲಾದ ಊರುಗಳ ಸಾಲಿನಲ್ಲಿ ಗುಲಬರ್ಗಾಕ್ಕೂ ೧೯೭೭ರಲ್ಲಿ ಒಂದು ಕೇಂದ್ರ ಬಂದಿತು. ಇದು ಕರ್ನಾಟಕದ ಮೊದಲನೆಯ ದೂರದರ್ಶನ ಪ್ರಸಾರಕೇಂದ್ರ. ರಾಜಧಾನಿಯಾದ ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರವು ಪ್ರಾರಂಭವಾದದ್ದು ೧೯೮೧ರ ನವೆಂಬರಿನಲ್ಲಿ; ಅಂದರೆ ನಾಲ್ಕು ವರ್ಷಗಳ ತರುವಾಯ.

ಆದರೆ ಗೋಪುರದ ಬೆಳದಿಂಗಳು ಆಕಾಶದ ಬೆಳದಿಂಗಳಂತಲ್ಲ. ಅದಕ್ಕೆ ದಿಗಂತದ ಕಟ್ಟುಂಟು. ನೂರು ಮೀಟರು ಎತ್ತರದ ಗೋಪುರದಿಂದ ಹೊರಟ ಅಲೆಯು, ನೆಲದ ಡೊಂಕಿನಿಂದಾಗಿ, ಬಯಲಿನಲ್ಲಿ ಸುಮಾರು ೪೦ ಕಿಲೋಮೀಟರಿಗೆ ನೆಲ ಮುಟ್ಟಿ ಮರೆಯಾಗುವುದು. ಕಮಲಾಪುರವು ಕಲಬುರಗಿಯಿಂದ ಹುಮನಾಬಾದಿನ ದಾರಿಯಲ್ಲಿ ಈಶಾನ್ಯಕ್ಕೆ ಹೆಚ್ಚುಕಡಿಮೆ ೩೫ ಕಿಲೋಮೀಟರು. ಕೆಂಪು ಬಾಳೆಹಣ್ಣಿಗೆ ಹೆಸರಾದ ಆ ಊರು, ಈಗ ತಾಲೂಕಿನ ಠಾಣ್ಯವೂ ಆಗಿದೆ. ಇಂಥ ಲೆಕ್ಕದಲ್ಲಿ ಅದು ಅಲೆಯ ಸೆರಗಿನ ಅಂಚಿಗೆ ಬರುವುದು. ಅಂಚಿನ ಊರುಗಳಲ್ಲಿ ಚಿತ್ರ ಬೇಕೆಂದವರು ಮಾಡಿದ ಉಪಾಯವನ್ನು ಹಿರಿಯರು ಬಲ್ಲರು. ಉದ್ದನೆಯ ಬಿದಿರ ಗಳುವಿಗೆ ಆಂಟೆನಾವನ್ನು ಕಟ್ಟಿ ಮಾಳಿಗೆಯ ಮೇಲೆ ನಿಲ್ಲಿಸುವುದು; ಒಬ್ಬನು ಮೇಲೆ ನಿಂತು ಗಳುವನ್ನು ತಿರುಗಿಸುವುದು, ಕೆಳಗಿನಿಂದ ಮನೆಯಾಕೆಯು “ಬಂತು, ಬಂತು, ಹೋಯ್ತು” ಎಂದು ಕೂಗುವುದು. ಪ್ರಸಾರ ಭಾರತಿಯು ಈ ಹಳೆಯ ಬಗೆಯ ಭೂತಲ ಪ್ರಸಾರವನ್ನು ದೇಶದಾದ್ಯಂತ ೨೦೨೨ರ ಹೊತ್ತಿಗೆ ಬಹುತೇಕ ನಿಲ್ಲಿಸಿಬಿಟ್ಟಿತು. ಗಳುಗಳು ಈಗ ಬಟ್ಟೆ ಒಣಗಿಸಲು ಒದಗುತ್ತಿವೆ.

ನಡುವಿನ ಕಥೆಯನ್ನು ಚುಟುಕಾಗಿ ಮುಗಿಸಬಹುದು. ೧೯೮೨ರಲ್ಲಿ ದೆಹಲಿಯ ಏಷಿಯಾಡ್ ಆಟಗಳ ಕಾಲಕ್ಕೆ ಬಣ್ಣದ ಚಿತ್ರ ಬಂದಿತು. ಅದೇ ದಶಕದಲ್ಲಿ ಕೆಲವು ಸಾಹಸಿಗಳು ಒಂದು ವಿಡಿಯೊ ಯಂತ್ರದಿಂದ ಓಣಿಯ ಮನೆಮನೆಗೆ ತಂತಿಯೆಳೆದು ಚಲಚ್ಚಿತ್ರ ತೋರಿಸಿ ಕಾಸು ಮಾಡಿದರು. ೧೯೯೧ರಿಂದೀಚೆಗೆ ಪರದೇಶದ ಉಪಗ್ರಹಗಳ ವಾಹಿನಿಗಳು ಸೇರಿ ಆ ತಂತಿಯು ಕೇಬಲ್ಲಾಯಿತು. ೧೯೯೪ರಲ್ಲಿ ಉದಯ ವಾಹಿನಿಯು ಕನ್ನಡದಲ್ಲಿ ಬಂದಿತು. ೧೯೯೫ರಲ್ಲಿ ಕೇಬಲ್ಲಿನವರನ್ನು ಅಂಕೆಯಲ್ಲಿಡಲು ಒಂದು ಕಾಯಿದೆಯಾಯಿತು. ೨೦೧೭ರ ಹೊತ್ತಿಗೆ ಹಳೆಯ ಬಗೆಯ ಕೇಬಲ್ಲು ತೀರಿ, ಪ್ರತಿಯೊಂದು ಮನೆಗೂ ಸೆಟ್‌ಟಾಪ್ ಪೆಟ್ಟಿಗೆಯು ಬೇಕೇಬೇಕೆಂದಾಯಿತು. ಮದ್ಯದಂಗಡಿಯ ಯಜಮಾನನ ತಲೆನೋವು ಹುಟ್ಟಿದುದು ಈ ಸೆಟ್‌ಟಾಪ್ ಪೆಟ್ಟಿಗೆಯಿಂದಲೇ.

ಏಕೆಂದರೆ, ಹಳೆಯ ಕೇಬಲ್ಲಿನಲ್ಲಿ ಅರವತ್ತು ವಾಹಿನಿಗಳೂ ಒಟ್ಟಿಗೆ ಹರಿದು ಬರುತ್ತಿದ್ದವು. ತಂತಿಯನ್ನು ಆರು ಯಂತ್ರಗಳಿಗೆ ಕವಲೊಡೆಸಿದರೆ ಒಂದೊಂದು ಯಂತ್ರವೂ ತನಗೆ ಬೇಕಾದುದನ್ನು ತಾನೇ ಆರಿಸಿಕೊಳ್ಳುತ್ತಿತ್ತು. ಆರಿಸುವ ಅಧಿಕಾರವು ಪರದೆಯಲ್ಲಿಯೇ ಇತ್ತು. ಸೆಟ್‌ಟಾಪ್ ಪೆಟ್ಟಿಗೆ ಬಂದ ಮೇಲೆ ಆ ಅಧಿಕಾರವು ಪೆಟ್ಟಿಗೆಗೆ ಹೋಯಿತು. ಪೆಟ್ಟಿಗೆಯು ಒಂದು ಹೊತ್ತಿಗೆ ಒಂದು ವಾಹಿನಿಯನ್ನು ಮಾತ್ರ ಹೊರಗೆ ಬಿಡುವುದು. ಅದಕ್ಕೆ ಎಷ್ಟು ಪರದೆಗಳನ್ನು ತಗುಲಿಸಿದರೂ ಎಲ್ಲದರಲ್ಲಿಯೂ ಅದೇ ಒಂದು. ಹಾಗಾದರೆ ಆರು ಪರದೆಗೆ ಆರು ಪೆಟ್ಟಿಗೆಗಳೇ ಬೇಕೆ? ಅಂಗಡಿಯವರು ಹಾಗೆಂದೇ ಹೇಳುತ್ತಾರೆ. ಯಜಮಾನನೂ ನಂಬಿ ತಿಂಗಳು ತಿಂಗಳು ಆರು ಪೆಟ್ಟಿಗೆಗಳ ಹಣ ತೆರುತ್ತಾನೆ. ಎಣಿಸಬೇಕಾದುದು ಪರದೆಗಳನ್ನಲ್ಲ, ಮೂಲಗಳನ್ನು. ಒಂದೇ ಸಂಜೆಯಲ್ಲಿ ಆತನಿಗೆ ಎಷ್ಟು ಬೇರೆಬೇರೆ ಚಿತ್ರಗಳು ಬೇಕು? ಪಂದ್ಯವೊಂದು, ವಾರ್ತೆಯೊಂದು, ಹಾಡೋ ಚಲಚ್ಚಿತ್ರವೋ ಒಂದು. ಮೂರು ಮೂಲಗಳಾದರೆ ಮೂರು ಪೆಟ್ಟಿಗೆ ಸಾಕು. ಪರದೆ ಆರಿರಲಿ, ಹತ್ತಿರಲಿ.

ಮೂರನ್ನು ಆರಕ್ಕೆ ಹಂಚುವ ಯಂತ್ರಕ್ಕೆ ಮ್ಯಾಟ್ರಿಕ್ಸ್ ಸ್ವಿಚ್ ಎಂದು ಹೆಸರು. ಹೆಸರಿಗೆ ಹೆದರಬೇಕಾಗಿಲ್ಲ. ಪಗಡೆಯ ಹಾಸಿನಂತೆ ಅಡ್ಡಸಾಲು ನೀಟಸಾಲುಗಳನ್ನು ಊಹಿಸಿಕೊಳ್ಳಿರಿ: ಅಡ್ಡಸಾಲುಗಳು ಮೂಲಗಳು, ನೀಟಸಾಲುಗಳು ಪರದೆಗಳು. ಯಾವ ಮನೆಯಲ್ಲಿ ಕಾಯಿ ಇಟ್ಟರೆ ಆ ಮೂಲವು ಆ ಪರದೆಗೆ ಸೇರುವುದು. ಒಂದು ಮೂಲವನ್ನು ಎಲ್ಲ ಪರದೆಗಳಿಗೂ ಕೊಡಬಹುದು. ಒಂದು ಪರದೆಗೆ ಮಾತ್ರ ಎರಡು ಮೂಲಗಳನ್ನು ಒಟ್ಟಿಗೆ ಕೊಡಲಾಗದು. ಈ ಯಂತ್ರದ ಹಂಚಿಕೆಯು ಬೆಳದಿಂಗಳದೂ ಅಲ್ಲ, ನೀರಿನದೂ ಅಲ್ಲ. ದೀಪದಿಂದ ದೀಪವನ್ನು ಹೊತ್ತಿಸುವ ಬಗೆಯದು. ಪ್ರತಿಯೊಂದು ಪರದೆಗೂ ಅದು ಹೊಸದೊಂದು ಪ್ರತಿಯನ್ನೇ ಮಾಡಿ ಕಳುಹಿಸುವುದರಿಂದ ಮೊದಲಿನ ದೀಪವು ಕುಂದುವುದಿಲ್ಲ.

ಆದರೆ ಇಲ್ಲಿಯೂ ಮೂರು ತೊಡಕುಗಳು ಕಾದಿವೆ. ಮೊದಲನೆಯದು ದೂರ. ಎಚ್.ಡಿ.ಎಂ.ಐ. ಎಂಬ ತಂತಿಯು ಹತ್ತು ಮೀಟರು ದಾಟಿದರೆ ನಂಬಿಕೆಗೆ ಅರ್ಹವಲ್ಲ. ಉದ್ದನೆಯ ಹಜಾರಗಳಲ್ಲಿ ಅದನ್ನು ಬಿಟ್ಟು, ಕಂಪ್ಯೂಟರುಗಳಿಗೆ ಎಳೆಯುವ ಕ್ಯಾಟ್-೬ ತಂತಿಯನ್ನು ಎರಡು ತುದಿಗೂ ಪರಿವರ್ತಕವನ್ನಿಟ್ಟು ಬಳಸಬೇಕು. ಒಳ್ಳೆಯ ಜಾತಿಯ ಪರಿವರ್ತಕಗಳು ನೂರು ಮೀಟರಿನವರೆಗೂ ಚಿತ್ರವನ್ನು ಒಯ್ಯುವುವು. ಎರಡನೆಯದು ಕಾವಲು. ಕೋಟೆಯ ಬಾಗಿಲಲ್ಲಿ ಪಹರೆಯವನು ಬಂದವರನ್ನು ಸಂಕೇತದ ಮಾತು ಕೇಳಿ ಒಳಗೆ ಬಿಡುತ್ತಿದ್ದನಂತೆ. ಹಾಗೆಯೇ ಸೆಟ್‌ಟಾಪ್ ಪೆಟ್ಟಿಗೆಯು ಪ್ರತಿಯೊಂದು ಪರದೆಯನ್ನೂ ಒಂದು ಗೂಢಪ್ರಶ್ನೆ ಕೇಳುವುದು. ಕಳ್ಳಪ್ರತಿ ಆಗದಿರಲೆಂಬುದು ಅದರ ಉದ್ದೇಶ. ಉತ್ತರ ಸರಿಬಾರದ ಹಳೆಯ ಯಂತ್ರವೊಂದು ಸಾಲಿನಲ್ಲಿದ್ದರೆ ಆ ಪರದೆಯು ಕಪ್ಪಾಗುವುದು. ಕೆಲವು ವೇಳೆ ಅದರ ದೆಸೆಯಿಂದ ಉಳಿದವೂ ಕಪ್ಪಾಗುವುವು. ಮೂರನೆಯದು ತಾಳ್ಮೆ. ಪ್ರತಿಯೊಂದು ಪರದೆಯೂ ತಾನೆಷ್ಟು ನುಣುಪಾದ ಚಿತ್ರವನ್ನು ತೋರಿಸಬಲ್ಲೆನೆಂದು ಮೂಲಕ್ಕೆ ಅರಿಕೆ ಮಾಡುವುದು. ಪಂಢರಪುರಕ್ಕೆ ಹೋಗುವ ದಿಂಡಿಯಲ್ಲಿ ಮುದುಕರ ಹೆಜ್ಜೆಗೆ ಎಲ್ಲರೂ ಹೆಜ್ಜೆ ಕೂಡಿಸಬೇಕಾದಂತೆ, ಒಂದೇ ಮೂಲವನ್ನು ನೋಡುವ ಪರದೆಗಳಲ್ಲಿ ಎಲ್ಲಕ್ಕಿಂತ ಕೀಳಾದುದು ಯಾವುದೋ ಅದರ ಮಟ್ಟಕ್ಕೆ ಉಳಿದವೂ ಇಳಿಯುವುದುಂಟು. ಹೊಸದಾಗಿ ಐದು ಪರದೆಗಳನ್ನು ಕೊಂಡು, ಹಳೆಯದೊಂದನ್ನು ಬಿಡಲಾರದೆ ಜೊತೆಗೆ ತೂಗುಹಾಕುವವರು ಇದನ್ನು ಲಕ್ಷ್ಯದಲ್ಲಿಡಬೇಕು.

ಇನ್ನು ನೀರಿನ ಜಾತಿಯ ಹಂಚಿಕೆ. ಮಾಳಿಗೆಯ ಮೇಲಿನ ಡಿಶ್ಶಿನಿಂದ ಪೆಟ್ಟಿಗೆಗೆ ಬರುವ ದಪ್ಪನೆಯ ಕೇಬಲ್ಲಿನಲ್ಲಿ ಅದನ್ನು ಈಗಲೂ ಕಾಣಬಹುದು. ಒಂದನ್ನು ಎರಡು ಮಾಡುವ ಸ್ಪ್ಲಿಟರನ್ನು ಹಾಕಿದರೆ ಪ್ರತಿಯೊಂದು ಕವಲಿಗೂ ಅರ್ಧಕ್ಕಿಂತ ತುಸು ಕಡಿಮೆ. ನಾಲ್ಕು ಮಾಡಿದರೆ ಕಾಲಿಗಿಂತ ಕಡಿಮೆ. ಎಂಟು ಮಾಡಿದರೆ ಎಂಟನೆಯ ಒಂದು ಪಾಲೂ ಇಲ್ಲ. ಸಾಲದುದಕ್ಕೆ, ಡಿಶ್ಶಿನ ಮೇಲ್ಮಟ್ಟದ ಆವರ್ತನಗಳಲ್ಲಿ ಸಾಧಾರಣ ಕೇಬಲ್ಲು ಮೂವತ್ತು ಮೀಟರು ಓಡುವಷ್ಟರಲ್ಲಿ ಹೊರಟ ಶಕ್ತಿಯ ಸುಮಾರು ಹತ್ತನೆಯ ಒಂದು ಪಾಲು ಮಾತ್ರ ಉಳಿಯುವುದು. ಚಿತ್ರ ಕೆಟ್ಟಿತೆಂದು ಕೂಡಲೆ ಬೂಸ್ಟರು ತಂದು ಪರದೆಯ ಬಳಿಯಲ್ಲಿ ಹಾಕುವವರೇ ಬಹಳ. ಅಲ್ಲಿಗೆ ಬರುವ ಹೊತ್ತಿಗೆ ಚಿತ್ರವು ಸೊರಗಿ, ಕಸವು ಅದರ ಸಮಕ್ಕೆ ಬೆಳೆದಿರುವುದು. ಬೂಸ್ಟರು ಎರಡನ್ನೂ ಬೇಧವಿಲ್ಲದೆ ಹಿಗ್ಗಿಸುವುದು. ಬಾವಿಯ ಬಾಯಲ್ಲಿಯೇ ನೀರನ್ನು ಎತ್ತರಕ್ಕೆ ಎತ್ತಿದರೆ ಹೊಲದ ಕೊನೆಗೆ ಮುಟ್ಟುವುದಲ್ಲದೆ, ಒಣಗಿದ ಕಾಲುವೆಯ ತುದಿಯಲ್ಲಿ ನಿಂತು ಎತ್ತಿದರೆ ಕೆಸರು ಬರುವುದು. ಬೂಸ್ಟರಿನ ಜಾಗವು ಕವಲಿಗಿಂತ ಮೊದಲು.

ಡಿಶ್ಶಿಗೆ ಇನ್ನೊಂದು ವಿಚಿತ್ರವುಂಟು. ಅದರ ಮೂತಿಯಲ್ಲಿರುವ ಎಲ್.ಎನ್.ಬಿ. ಎಂಬ ಸಣ್ಣ ಯಂತ್ರವು ಉಪಗ್ರಹದ ನಿಂತ ಅಲೆ, ಮಲಗಿದ ಅಲೆ ಎಂಬ ಎರಡು ಗುಂಪುಗಳಲ್ಲಿ ಒಂದನ್ನೇ ಒಂದು ಹೊತ್ತಿಗೆ ಕೆಳಕ್ಕೆ ಕಳುಹಿಸುವುದು. ಯಾವುದು ಬೇಕೆಂಬುದನ್ನು ಪೆಟ್ಟಿಗೆಯು ಅದೇ ಕೇಬಲ್ಲಿನಲ್ಲಿ ೧೩ ವೋಲ್ಟನ್ನೋ ೧೮ ವೋಲ್ಟನ್ನೋ ಮೇಲಕ್ಕೆ ಕಳುಹಿಸಿ ತಿಳಿಸುವುದು. ಒಂದು ಎಲ್.ಎನ್.ಬಿ.ಗೆ ಬರಿಯ ಸ್ಪ್ಲಿಟರಿನಿಂದ ಎರಡು ಪೆಟ್ಟಿಗೆಗಳನ್ನು ತಗುಲಿಸಿದರೆ, ಒಂದು ಹದಿಮೂರು ಎನ್ನುವುದು, ಇನ್ನೊಂದು ಹದಿನೆಂಟು ಎನ್ನುವುದು. ಅತ್ತೆ ಒಂದು ಹೇಳಿ ನಾದಿನಿ ಒಂದು ಹೇಳಿದಾಗ ಹೊಸ ಸೊಸೆ ಮಾಡುವಂತೆ ಅದು ಜೋರಿನವರ ಮಾತು ಕೇಳುವುದು. ಆಗ ಎರಡನೆಯ ಪರದೆಯಲ್ಲಿ ಅರ್ಧ ವಾಹಿನಿಗಳೇ ಕಾಣೆಯಾಗುವುವು. ಯಜಮಾನನು ಪೆಟ್ಟಿಗೆ ಕೆಟ್ಟಿತೆಂದು ಬೈಯುವನು. ಇದಕ್ಕೆಂದೇ ಎರಡು, ನಾಲ್ಕು ಬಾಯಿಗಳುಳ್ಳ ಎಲ್.ಎನ್.ಬಿ.ಗಳೂ ಮಲ್ಟಿಸ್ವಿಚ್ಚುಗಳೂ ದೊರೆಯುತ್ತವೆ.

ಎಲ್ಲವನ್ನೂ ಸರಿಯಾಗಿ ಕಟ್ಟಿದ ಮೇಲೂ ಒಂದು ಸೋಜಿಗವು ಉಳಿದೇ ಉಳಿಯುವುದು. ಒಂದು ಪರದೆಗೆ ಡಿಶ್ಶಿನಿಂದಲೂ ಇನ್ನೊಂದಕ್ಕೆ ಅಂತರ್ಜಾಲದಿಂದಲೂ ಅದೇ ಪಂದ್ಯವನ್ನು ಕೊಟ್ಟರೆಂದು ತಿಳಿಯಿರಿ. ಅಂತರ್ಜಾಲದ ಚಿತ್ರವು ತುಂಡುತುಂಡಾಗಿ ಶೇಖರವಾಗಿ ಬರುವುದರಿಂದ ಹಲವು ಸೆಕೆಂಡು, ಒಮ್ಮೊಮ್ಮೆ ಅರ್ಧ ನಿಮಿಷ, ಹಿಂದೆ ಬೀಳುವುದು. ಬಾಗಿಲ ಬಳಿಯ ಮೇಜಿನವರು ಚೆಂಡು ಗಡಿ ದಾಟಿತೆಂದು ಹೋ ಎಂದು ಎದ್ದು ನಿಂತಾಗ, ಒಳಗಿನ ಮೇಜಿನವರ ಪರದೆಯಲ್ಲಿ ಬೌಲರನು ಇನ್ನೂ ಓಡಲು ಮೊದಲುಮಾಡಿರುವುದಿಲ್ಲ! ಮುಂದಾಗುವುದನ್ನು ಮೊದಲೇ ಕೂಗಿ ಹೇಳುವ ನೆರೆಯವರಿದ್ದರೆ ಆಟದ ರುಚಿ ಎಲ್ಲಿಯದು? ೧೯೭೫ರಲ್ಲಿ ಉಪಗ್ರಹಕ್ಕೆ ಹೋಗಿ ಬರಲು ಚಿತ್ರವು ತೆಗೆದುಕೊಳ್ಳುತ್ತಿದ್ದುದು ಸುಮಾರು ಕಾಲು ಸೆಕೆಂಡು. ಆ ಕಾಲು ಸೆಕೆಂಡು ಗುಲಬರ್ಗಾಕ್ಕೂ ರಾಯಚೂರಿಗೂ ಒಂದೇ. ನೂರಾರು ಮೈಲಿ ದೂರದ ಹಳ್ಳಿಗಳವರು ಏಕಕಾಲದಲ್ಲಿ ನಕ್ಕರು. ಇಂದು ಒಂದೇ ಸೂರಿನ ಕೆಳಗೆ, ಹತ್ತು ಹೆಜ್ಜೆ ಅಂತರದ ಎರಡು ಮೇಜುಗಳವರು ಒಟ್ಟಿಗೆ ನಗಲಾರರು. ಪಂದ್ಯದ ಮಟ್ಟಿಗಾದರೂ ಎಲ್ಲ ಪರದೆಗಳಿಗೂ ಒಂದೇ ಮೂಲದಿಂದ ಕೊಡುವುದು ಲೇಸು.

ಚಿತ್ರ ಹಲವಾದರೂ ಧ್ವನಿಯನ್ನು ಹಲವು ಮಾಡುವಂತಿಲ್ಲ, ಮಾಡಿದರೆ ಸಂತೆಯಾಗುವುದು. ಅಂದು ಒಂದು ಚಿತ್ರಕ್ಕೆ ಎರಡು ಧ್ವನಿ. ಇಂದು ಆರು ಚಿತ್ರಕ್ಕೆ ಒಂದು ಧ್ವನಿ. ಆ ಒಂದು ಧ್ವನಿಯು ಯಾವ ಭಾಷೆಯದಾಗಿರಬೇಕು? ಕಲಬುರಗಿಯ ಬೀದಿಯಲ್ಲಿ ಕನ್ನಡ, ದಖನಿ, ತೆಲುಗು, ಮರಾಠಿ ನಾಲ್ಕೂ ಕೇಳಿಬರುತ್ತವೆ. ಗಿರಾಕಿಗಳಲ್ಲಿಯೂ ನಾಲ್ಕು ಬಗೆಯವರುಂಟು. ಕ್ರಿಕೆಟ್ಟಿನ ವಿವರಣೆಯನ್ನು ಕನ್ನಡದ ವಾಹಿನಿಗಳಲ್ಲಿ ಈಗ ಕೇಳಬಹುದು. ಆದರೂ ಎಷ್ಟೋ ಕಡೆಗಳಲ್ಲಿ ಪೆಟ್ಟಿಗೆಯನ್ನು ಜೋಡಿಸಿದವನು ಮೊದಲ ದಿನ ಯಾವ ಭಾಷೆಯಲ್ಲಿಟ್ಟು ಹೋದನೋ ಅದೇ ವರ್ಷವೆಲ್ಲ ನಡೆಯುತ್ತಿರುವುದು. ಹೈದರಾಬಾದಿನಿಂದ ಅಹಮದಾಬಾದಿಗೆ, ಅಹಮದಾಬಾದಿನಿಂದ ಆಕಾಶಕ್ಕೆ ಸುತ್ತಿ ಬಂದ ಕನ್ನಡವು ಅಂದು ಹಳ್ಳಿಯ ಶಾಲೆಗೆ ತಲುಪಿತು. ಇಂದು ರಿಮೋಟಿನ ಒಂದು ಗುಂಡಿಯಷ್ಟು ಹತ್ತಿರದಲ್ಲಿರುವ ಕನ್ನಡವನ್ನು ಒತ್ತುವವರಿಲ್ಲವೆಂದರೆ ಅದಕ್ಕೆ ಯಂತ್ರದ ಮೇಲೆ ದೂರು ಹೊರಿಸಲಾಗದು. ಗಿರಾಕಿಯು ಬಾಯಿಬಿಟ್ಟು ಕೇಳಿದರೆ ಬಹುತೇಕ ಯಜಮಾನರು ಬದಲಿಸುತ್ತಾರೆ.

ಕಾಯಿದೆಯ ಮಾತೊಂದನ್ನು ಬಿಡುವಂತಿಲ್ಲ. ೧೯೫೭ರ ಕೃತಿಸ್ವಾಮ್ಯದ ಕಾಯಿದೆಯ ೩೭ನೆಯ ಕಲಮು ಪ್ರಸಾರಸಂಸ್ಥೆಗಳಿಗೆ ತಮ್ಮ ಪ್ರಸಾರದ ಮೇಲೆ ವಿಶೇಷವಾದ ಹಕ್ಕನ್ನು ಕೊಟ್ಟಿದೆ. ಹಣ ಪಡೆದು ಸಾರ್ವಜನಿಕರಿಗೆ ಅದನ್ನು ತೋರಿಸುವುದು ಅವರ ಅನುಮತಿಗೆ ಒಳಪಟ್ಟುದು. ಮನೆಬಳಕೆಗೆಂದು ಪಡೆದ ಪೆಟ್ಟಿಗೆಯನ್ನು ತಂದು ಅಂಗಡಿಯಲ್ಲಿ ಹೂಡುವುದು ಸರಿಯಲ್ಲ. ವ್ಯಾಪಾರದ ಸ್ಥಳಕ್ಕೆ ಬೇರೆ ಕರಾರು ಇರುವುದರಿಂದ, ಪರದೆಗಳ ಎಣಿಕೆಯನ್ನೂ ಹೇಳಿ, ಕೊಡುವವರಿಂದ ಕಾಗದದ ಮೇಲೆ ಬರೆಸಿಕೊಳ್ಳುವುದು ಕ್ಷೇಮ.

ಇಷ್ಟೆಲ್ಲ ಓದಿ, ಕಮಲಾಪುರದ ದಾರಿಯ ಬದಿಯಲ್ಲಿ ಎರಡೇ ಪರದೆಗಳ ರೊಟ್ಟಿಯ ಖಾನಾವಳಿಯನ್ನು ನಡೆಸುವ ಗೃಹಸ್ಥನೊಬ್ಬನು ಗಾಬರಿಗೊಳ್ಳಬೇಕಾಗಿಲ್ಲ. ಆತನಿಗೆ ಮ್ಯಾಟ್ರಿಕ್ಸೂ ಬೇಡ, ಪರಿವರ್ತಕವೂ ಬೇಡ. ಒಳಗೂ ಹೊರಗಿನ ಚಪ್ಪರದಲ್ಲಿಯೂ ಅದೇ ಚಿತ್ರ ಸಾಕೆಂದಾದರೆ ಒಂದು ಪೆಟ್ಟಿಗೆ, ಒಂದನ್ನು ಎರಡು ಮಾಡುವ ಎಚ್.ಡಿ.ಎಂ.ಐ. ಸ್ಪ್ಲಿಟರು, ಹತ್ತು ಮೀಟರಿನೊಳಗಿನ ಎರಡು ತಂತಿಗಳು. ಇಷ್ಟರಲ್ಲಿಯೇ ಕೆಲಸ ಮುಗಿಯುವುದು. ಎರಡು ಬೇರೆ ಚಿತ್ರಗಳೇ ಬೇಕಾದರೆ ಎರಡು ಪೆಟ್ಟಿಗೆಗಳನ್ನು ನೇರವಾಗಿ ಎರಡು ಪರದೆಗಳಿಗೆ ಕೊಟ್ಟು, ಡಿಶ್ಶಿಗೆ ಎರಡು ಬಾಯಿಯ ಎಲ್.ಎನ್.ಬಿ. ಹಾಕಿಸಿದರೆ ಸರಿ. ಎರಡು ಪೆಟ್ಟಿಗೆಗಳೂ ಒಂದೇ ಕಂಪನಿಯವಾದರೆ ಒಂದರ ರಿಮೋಟು ಇನ್ನೊಂದನ್ನೂ ತಿರುಗಿಸೀತು. ಅವುಗಳನ್ನು ಒಂದರ ಮೇಲೊಂದು ಇಡದೆ, ನಡುವೆ ಗೋಡೆಯನ್ನೋ ಹಲಗೆಯನ್ನೋ ಮರೆಮಾಡಬೇಕು. ಕೊನೆಯದಾಗಿ, ವೈಶಾಖದಲ್ಲಿ ಈ ಸೀಮೆಯ ಬಿಸಿಲು ೪೦ ಡಿಗ್ರಿಯನ್ನು ದಾಟುವುದು ಎಲ್ಲರಿಗೂ ಗೊತ್ತಿದ್ದುದೇ. ಅಂದವಾಗಿ ಕಾಣಲೆಂದು ಪೆಟ್ಟಿಗೆಯನ್ನು ತಗಡಿನ ಸೂರಿನ ಸಂದಿಯಲ್ಲಿ ಬಚ್ಚಿಟ್ಟರೆ ಅದು ಪಂದ್ಯದ ಕೊನೆಯ ಓವರಿನ ಹೊತ್ತಿಗೆ ಸರಿಯಾಗಿ ಕಾದು ನಿಂತುಬಿಡುವುದು. ಗಲ್ಲೆಯ ಬಳಿಯಲ್ಲಿ, ಒಲೆಯ ಕಾವು ತಾಗದಲ್ಲಿ, ನಾಲ್ಕು ಬೆರಳು ಗಾಳಿ ಆಡುವಂತೆ ಇಟ್ಟರೆ ಸಾಕು.